ಗುರೆಳ್ಳು

ಕಂಪನಿ ಬದಲಿ ಮಾಡೋದಂದ್ರ
ಇಷ್ಟಽ ಅಂತ ತಿಳದಿದ್ದೆ:
ಗ್ವಾಡಿಮ್ಯಾಗಿನ ಡಬ್ಬಿ ಅದಽ ಇರ್ತದ,
ಬಾಗಲಾ ಕಾಯೋ ಕಣ್ಣೂ ಅವಽ,
ಚೀರಿದಾಗ ಓಗೊಡೋರಷ್ಟಽ ಬ್ಯಾರೆ.
ತಿಂಗಳಿಗೆ ನೂರಾ ನಲವತ್ತು ಉಳೀತದ.

ಇವರು ಗೂಡ್ಸ್ ಗಾಡಿ ಗಾರ್ಡು.
ಲೋಂಡಾದ ಕಡೆ ಹ್ವಾದ್ರ
ಯಾವ ರಾತ್ರಿ ಯಾವ ಸಿಗ್ನಲ್ಲಿಗೆ ನಿಂತಿರ್ತಾರಂತ
ದೇವರಿಗಷ್ಟಽ ಗೊತ್ತು.
ಎದುರಿನ ಹೊಸಮನಿಯವರ ಕೊಂಡಿ ಮುರದ ವರ್ಷ
ಅಂಜಿ ಹಾಕಿಸಿದ್ದು ಇದನ್ನ,
ಗದಗ ರೋಡಿನ ಹಿಂದಿನ ಈ ಎರಡು ಖೋಲಿಗೆ.
ಒಳಗ ಇದ್ದದ್ದು ಒಂದು ಬೋರಮಾಳ,
ಒಂದು ಹೊಲಿಗಿ ಮಷಿನ್ನು,
ಮತ್ತ ನಾನು.

ಅವತ್ತ ಕೇಳಿದ್ರು, ಗುಟ್ಟಿನ ಮಾತೊಂದು ಕೊಡ್ರಿ.
ಗಂಟಿ ಹೊಡದ್ರ ಫೋನ್ ಮಾಡ್ತೀವಿ,
ಮಾತು ಹೇಳಿದ್ರ ನೀವು, ಹೇಳದಿದ್ರ ಕಳ್ಳ.
ಮರ ಹಿಡಕೊಂಡು ಹಸನ ಮಾಡ್ಲಿಕ್ಕೆ ಕುಂತಿದ್ದೆ.
ಕಣ್ಣಮುಂದ ಇದ್ದದ್ದಽ ಹೇಳಿದೆ: ಗುರೆಳ್ಳು.

ನಾಕು ವರ್ಷದಾಗ ಹನ್ನೊಂದು ಸಲ ಕೂಗೇದ.
ಒಂಬತ್ತು ಸಲ ಹಲ್ಲಿ.
ಒಂದು ಸಲ ಫ್ಯಾನಿನ ಗಾಳಿಗೆ ಕ್ಯಾಲೆಂಡರ್.
ಇನ್ನೊಂದು ಸಲ ನಾನಽ,
ನಿದ್ದಿ ಬರಲಾರದ ಹಿತ್ತಲ ಬಾಗಲಾ ತಗದು
ಒಗ್ಯಾಣದ ಕಲ್ಲಿನ ಮ್ಯಾಲೆ ಕುಂತಿದ್ದೆ,
ನಂಬರ್ ಒತ್ತೋದು ಮರತು.
ಓಣಿ ತುಂಬ ಚೀರಾಟ, ನಾಯಿ, ಕೈಯಾಗ ಫೋನು:
"ಮಾತು ಹೇಳ್ರಿ ಅಕ್ಕಾರ."
"ಗುರೆಳ್ಳು."
"ಯಾಕ್ರಿ, ನಿದ್ದಿ ಹತ್ಲಿಲ್ಲೇನ್ರಿ?"
ಈ ಪ್ರಶ್ನೆ ಅವರ ಕಾಗದದಾಗ ಇದ್ದಿರ್ಲಿಕ್ಕಿಲ್ಲ.
ಇಲ್ರಿ, ಅಂದೆ.
ಅಂವ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.
ದೂರ ಎಂಜಿನ್ ಶಂಟಿಂಗ್ ನಡದಿತ್ತು,
ಒಂದು ಕಿವಿಗೆ ಹೊರಗಿಂದ,
ಇನ್ನೊಂದಕ್ಕ ಅವನ ಖೋಲಿಯಿಂದ.

ಇವತ್ತ ಬಂದ ಹುಡುಗ ಯಮನೂರಪ್ಪ.
ಸ್ಟೂಲ್ ಏರಿ ಹಳೇ ಸ್ಟಿಕರ್ ಉಗುರ್ಲೆ ಕೆರದ.
ಅದರ ಕೆಳಗಿನ ಬಣ್ಣ
ನಿನ್ನೆ ಬಳದಂಗ ಇತ್ತು.
ಡಬ್ಬಿ ಬಿಚ್ಚಿ ನಂಬರ್ ಓದಿ, ನನ್ನ ಮಾರಿ ನೋಡಿ,
ನಗಬೇಕೋ ಬ್ಯಾಡೋ ಅನ್ನೋಹಂಗ ನಿಂತ.
"ಗುರೆಳ್ಳು ಅಕ್ಕಾರು ಅಂದ್ರ ನೀವಽ ಏನ್ರಿ?"

ಹಳೇ ಕಂಪನ್ಯಾಗ ಎಂಟು ತಿಂಗಳು ಇದ್ದನಂತ, ರಾತ್ರಿ ಪಾಳಿ.
ಮೂರು ಮಂದಿ, ನಾಕು ಪರದೆ, ಒಂದು ಚಹಾದ ಥರ್ಮಾಸು.
ಯಾರ ಹೆಸರೂ ನೆಪ್ಪಿರ್ತಿರಲಿಲ್ಲ, ಮಾತಿನ ಮ್ಯಾಲೇನಽ ಗುರುತು.
ಕೇಶ್ವಾಪುರಕ್ಕ ಸ್ಕೂಟರ್ ಡಾಕ್ಟರು,
ಗೋಕುಲ ರೋಡಿಗೆ ಹುಣಸಿಹಣ್ಣು ಕಾಕಾ,
ನೀವು ಹಲ್ಲಿ ಮನಿ ಗುರೆಳ್ಳು ಅಕ್ಕಾರು.

"ನಿದ್ದಿ ಹತ್ಲಿಲ್ಲೇನು ಅಂತ ಕೇಳಿದ್ದು ನೀನಽ ಏನೋ?"
ಸ್ಕ್ರೂ ಬಾಯಾಗ ಹಿಡದು ಯೋಚನಿ ಮಾಡಿದ.
"ಇರಬಹುದ್ರಿ. ದಾವಲನೂ ಇರಬಹುದು.
ಎಲ್ಲಾರೂ ಕೇಳ್ತಿದ್ವಿ.
ನಮಗೂ ನಿದ್ದಿ ಬರ್ತಿತ್ತಲ್ರಿ."

ಒಬ್ಬಾತ ಅಂತ ತಿಳದಿದ್ದೆ, ಇಷ್ಟು ವರ್ಷ.

ಹೊಸಾ ಕಂಪನಿ ಪುಣೇದಾಗ. ಮೊದಲು ಮಷಿನ್ ಮಾತಾಡ್ತದ:
"ಎಚ್ಚರಿಕೆ ಗಂಟೆ ತಪ್ಪಾಗಿ ಮೊಳಗಿದ್ದಲ್ಲಿ
ದಯವಿಟ್ಟು ಒಂದನ್ನು ಒತ್ತಿರಿ."
ಅಷ್ಟು ಶುದ್ಧ ಕನ್ನಡಕ್ಕ
ಹಲ್ಲಿನೂ ಅಂಜಿ ನಿಂದರ್ತದ.

ಹೊಸಾ ಮಾತು ಹಾಕ್ರಿ, ಅಂದ.
ಹಳೇದು ನಡಿಯಂಗಿಲ್ಲ, ಮಂದಿಗೆ ಗೊತ್ತಾಗೇದ.
ಅತ್ತಾಗ ಮಾರಿ ಮಾಡು ಅಂದೆ, ಮಾಡಿದ.
ಒಂದೊಂದಽ ಅಕ್ಷರ ಹುಡುಕಿ ಒತ್ತಿದೆ.
ಅದನ್ನ ಇಲ್ಲಿ ಬರಿಯಂಗಿಲ್ಲ.

ಸಂಜಿಮುಂದ ಹಂಚಿಟ್ಟೆ.
ಕರೇ ಕಾಳು ಚಟಚಟ ಸಿಡದ್ವು,
ಮನಿ ತುಂಬ ಅದರ ವಾಸನಿ.
ಗುರೆಳ್ಳು, ಅಂದೆ ಜೋರಾಗಿ, ಗ್ವಾಡಿಗೆ.
ಹಸರು ದೀಪ ಮಿಣಕಸ್ತು.
ಅದು ಅನ್ನದಿದ್ರೂ ಮಿಣಕಸ್ತದ.
ಬೆಳ್ಳೊಳ್ಳಿ, ಖಾರ ಹಾಕಿ ಕುಟ್ಟಿ
ಚಿವುಟು ನಾಲಿಗಿ ಮ್ಯಾಲೆ ಇಟ್ಟೆ.
ಉಪ್ಪು ಇನ್ನೊಂಚೂರು ಬೇಕಿತ್ತು.